ಗದ್ದ ಒಂದಿಷ್ಟು ಮುಂದೆ ಬಂದಾಗ

ಮುಧೋಳದ ನಾಯಿಗೆ ಗದ್ದ ಇಲ್ಲ. ಓಟಕ್ಕೆ ಹೆಸರಾದ ನಾಯಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೂ ಅದರ ಚಿತ್ರ ಬಂತು. ಆದರೂ ಗದ್ದದ ಮಾತು ಬಂದರೆ ಅದು ಬಡವ. ನಂಬಿಕೆ ಬರದಿದ್ದರೆ ಪಕ್ಕದಿಂದ ನೋಡಿ. ಕೆಳದವಡೆಯ ಮುಂದಿನ ಹಲ್ಲು ಮುಗಿದ ಕೂಡಲೇ ಎಲುಬು ಹಿಂದಕ್ಕೆ ಇಳಿಜಾರಾಗಿ ಕುತ್ತಿಗೆಯ ಕಡೆ ಹೊರಟುಬಿಡುತ್ತದೆ. ಎಲ್ಲಿಯೂ ಮುಂದಕ್ಕೆ ಉಬ್ಬುವುದಿಲ್ಲ.

ಈಗ ನಿಮ್ಮ ಬೆರಳನ್ನು ಕೆಳತುಟಿಯ ಬುಡದಲ್ಲಿಟ್ಟು ಮೆಲ್ಲಗೆ ಕೆಳಗೆ ಇಳಿಸಿ. ಮೊದಲು ಒಂದು ತಗ್ಗು ಸಿಗುತ್ತದೆ. ಆಮೇಲೆ ಬೆರಳು ಒಂದು ಸಣ್ಣ ದಿಬ್ಬ ಹತ್ತುತ್ತದೆ. ಒತ್ತಿ ನೋಡಿದರೆ ಒಳಗೆ ಗಟ್ಟಿ ಎಲುಬು. ಅದೇ ಗದ್ದ. ಎಮ್ಮೆಗೆ ಇದಿಲ್ಲ, ಆಡಿಗಿಲ್ಲ, ಹೊಲಕ್ಕೆ ನುಗ್ಗುವ ಮಂಗಕ್ಕೂ ಇಲ್ಲ. ನಮ್ಮ ಹತ್ತಿರದ ಸಂಬಂಧಿ ಚಿಂಪಾಂಜಿಗೂ ಇಲ್ಲ. ಸುಮಾರು 40,000 ವರ್ಷಗಳ ಹಿಂದಿನವರೆಗೂ ಯುರೋಪಿನಲ್ಲಿ ಬದುಕಿದ್ದ ನಿಯಾಂಡರ್ತಾಲ್ ಮಾನವರ ದವಡೆಗಳು ಗುಹೆಗಳಲ್ಲಿ ಸಿಕ್ಕಿವೆ. ಅವರಿಗೂ ನಮ್ಮಂಥ ಗದ್ದ ಇರಲಿಲ್ಲ. ಮಣ್ಣಲ್ಲಿ ಹಳೆಯ ದವಡೆಯೊಂದು ಸಿಕ್ಕರೆ ಅದು ನಮ್ಮ ಜಾತಿಯ ಮನುಷ್ಯನದೋ ಅಲ್ಲವೋ ಎಂದು ತಿಳಿಯಲು ವಿಜ್ಞಾನಿಗಳು ನೋಡುವ ಗುರುತುಗಳಲ್ಲಿ ಗದ್ದವೂ ಒಂದು.

ಈ ದಿಬ್ಬ ಮನುಷ್ಯನಿಗೇ ಏಕೆ ಬಂತು ಎಂಬುದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಜಗಳ ಮುಗಿದಿಲ್ಲ. ಅಗಿಯುವಾಗ ದವಡೆಗೆ ಬಲ ಬೇಕಿತ್ತು ಎನ್ನುವವರು ಕೆಲವರು. ಮಾತಾಡುವ ನಾಲಿಗೆಗೆ ಆಸರೆ ಬೇಕಿತ್ತು ಎನ್ನುವವರು ಇನ್ನು ಕೆಲವರು. ಹಲ್ಲು ಮತ್ತು ಮುಖ ಸಣ್ಣದಾಗುತ್ತ ಹಿಂದೆ ಸರಿದವು, ಕೆಳಗಿನ ಅಂಚು ಮಾತ್ರ ಇದ್ದಲ್ಲೇ ಉಳಿಯಿತು, ಅಷ್ಟೇ ಎನ್ನುವವರೂ ಇದ್ದಾರೆ. ನನಗೆ ಈ ಮೂರನೆಯ ವಾದವೇ ಹೆಚ್ಚು ಹಿಡಿಸುತ್ತದೆ.

ಹುಟ್ಟಿದ ಕೂಸಿನ ಕೆಳದವಡೆ ಒಂದೇ ಎಲುಬಲ್ಲ. ಎಡಕ್ಕೊಂದು, ಬಲಕ್ಕೊಂದು, ಎರಡು ಹೋಳು. ಅವು ಕೂಡುವ ಜಾಗ ಗದ್ದದ ನಟ್ಟನಡುವೆ. ಕೂಸಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಎರಡೂ ಬೆಸೆದುಕೊಂಡು ಒಂದಾಗುತ್ತವೆ. ನಾಯಿಯಲ್ಲಿ ಹಾಗಲ್ಲ. ಅದರ ಎರಡು ಹೋಳುಗಳ ನಡುವೆ ಬಾಳಿನುದ್ದಕ್ಕೂ ನಾರಿನಂಥ ಒಂದು ಕೂಡುಗೆ ಉಳಿದೇ ಇರುತ್ತದೆ.

ಇನ್ನೊಂದು ಸಂಗತಿ. ಕೂಸಿನ ಮುಖದಲ್ಲಿ ಹಣೆ ದೊಡ್ಡದು, ಗದ್ದ ಪುಟ್ಟದು. ಮೆದುಳು ಬೇಗ ಬೆಳೆಯುತ್ತದೆ, ಅದರ ಸುತ್ತಲಿನ ಬುರುಡೆಯೂ ಬೇಗ ಬೆಳೆಯುತ್ತದೆ. ಕೆಳದವಡೆಗೆ ಅವಸರವಿಲ್ಲ. ಹುಡುಗಿಯರಲ್ಲಿ 15–16 ವರ್ಷದವರೆಗೆ, ಹುಡುಗರಲ್ಲಿ 18 ದಾಟಿದ ಮೇಲೂ ಅದು ಸ್ವಲ್ಪಸ್ವಲ್ಪ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಐದನೇ ತರಗತಿಯ ಗೆಳೆಯನ ಗದ್ದ ಸಣ್ಣದಾಗಿ ಕಂಡರೆ ಅದರ ಬೆಳವಣಿಗೆ ಇನ್ನೂ ಬಾಕಿ ಇದೆ ಎಂದು ತಿಳಿಯಿರಿ.

ಆದರೆ ಕೆಲವರಲ್ಲಿ ಬೆಳವಣಿಗೆ ಮುಗಿದ ಮೇಲೂ ಗದ್ದ ಹಿಂದೆಯೇ ಉಳಿಯುತ್ತದೆ. ಅಪ್ಪನಿಂದಲೋ ಅಜ್ಜನಿಂದಲೋ ಬಂದ ಬಳುವಳಿಯಾಗಿದ್ದರೆ ಹೆಚ್ಚಾಗಿ ಚಿಂತೆಯಿಲ್ಲ. ಎಷ್ಟೋ ಜನ ಅಂಥ ಗದ್ದ ಇಟ್ಟುಕೊಂಡೇ ಸುಖವಾಗಿ ಬದುಕುತ್ತಾರೆ. ಇನ್ನೊಂದು ಕಾರಣ ಮಾತ್ರ ನಮ್ಮ ಊರುಗಳ ಮಕ್ಕಳು ತಿಳಿದಿರಲೇಬೇಕಾದದ್ದು. ಅದು ಬೀಳುವುದು.

ಕಬ್ಬಿನ ಹಂಗಾಮು ಶುರುವಾದರೆ ಜಮಖಂಡಿ, ಮುಧೋಳ, ಮಹಾಲಿಂಗಪುರದ ರಸ್ತೆಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಓಡಿ ಕಬ್ಬು ಹಿರಿಯುವುದು ಹುಡುಗರಿಗೆ ಒಂದು ಆಟ. ಮಾಳಿಗೆಯ ಮೇಲೆ ಗಾಳಿಪಟ ಹಾರಿಸುವಾಗ ಕಾಲು ಜಾರುವುದುಂಟು. ಹೀಗೆ ಬೀಳುವಾಗ ಗದ್ದ ನೆಲಕ್ಕೆ ಬಡಿದರೆ ಗದ್ದದ ಚರ್ಮ ಹರಿಯುತ್ತದೆ, ನಾಲ್ಕು ಹೊಲಿಗೆ ಬೀಳುತ್ತವೆ, ಎಲ್ಲರೂ ಮರೆಯುತ್ತಾರೆ. ಆದರೆ ಆ ಹೊಡೆತ ಗದ್ದದಲ್ಲೇ ನಿಲ್ಲುವುದಿಲ್ಲ. ದವಡೆಯ ಎಲುಬಿನ ಉದ್ದಕ್ಕೂ ಹರಿದು ಕಿವಿಯ ಮುಂದಿರುವ ಕೀಲಿಗೆ ಹೋಗಿ ತಗಲುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಆ ಕೀಲು ಅಲ್ಲಾಡುವುದು ಗೊತ್ತಾಗುತ್ತದೆ. ಅಲ್ಲಿ ದವಡೆಯ ತಲೆಯ ಕೆಳಗೆ ಎಲುಬು ಬಲು ತೆಳ್ಳಗಿದೆ. ಅದು ಅಲ್ಲೇ ಮುರಿಯುವುದುಂಟು. ಮುರಿಯುವುದರಿಂದ ಒಂದು ಉಪಕಾರವೂ ಉಂಟು. ಹೊಡೆತದ ಬಲ ಅಲ್ಲೇ ಮುಗಿದು ಮೇಲಿನ ಮೆದುಳಿಗೆ ಹೋಗುವುದು ತಪ್ಪುತ್ತದೆ.

ಸಣ್ಣ ಮಕ್ಕಳಲ್ಲಿ ಆ ಕೀಲಿನ ಎಲುಬು ಮೆತ್ತಗೆ, ರಕ್ತ ತುಂಬಿಕೊಂಡಿರುತ್ತದೆ. ಪೆಟ್ಟು ಬಿದ್ದಾಗ ಕೀಲಿನೊಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ನೋವಿಗೆ ಹೆದರಿ ಮಗು ಬಾಯಿ ಅಲ್ಲಾಡಿಸದೆ ಇದ್ದರೆ, ಯಾರೂ ಚಿಕಿತ್ಸೆ ಕೊಡಿಸದೆ ಇದ್ದರೆ, ಆ ಹೆಪ್ಪು ನಿಧಾನವಾಗಿ ಎಲುಬಾಗಿ ದವಡೆಯನ್ನು ತಲೆಬುರುಡೆಗೇ ಅಂಟಿಸಿಬಿಡುವುದುಂಟು. ಆಗ ಬಾಯಿ ತೆರೆಯುವುದಿಲ್ಲ. ಅಷ್ಟೇ ಅಲ್ಲ, ದವಡೆ ಉದ್ದ ಬೆಳೆಯುವುದಕ್ಕೆ ಆ ಕೀಲಿನ ಜಾಗ ಬಲು ಮುಖ್ಯ. ಅದು ಕೆಟ್ಟರೆ ಬೆಳವಣಿಗೆ ಕುಂಠಿತವಾಗಿ, ಮುಖದ ಉಳಿದ ಭಾಗವೆಲ್ಲ ಮುಂದೆ ಬಂದರೂ ಗದ್ದ ಹಿಂದೆ ಉಳಿಯುತ್ತದೆ. ನಮ್ಮ ದೇಶದ ದವಡೆ ವೈದ್ಯರು ಇಂಥ ಮಕ್ಕಳನ್ನು ಇಂದಿಗೂ ನೋಡುತ್ತಾರೆ. ಪರೀಕ್ಷೆ ಸುಲಭವಿದೆ. ನಿಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರೂ ಹಿಡಿಸುತ್ತವೆ. ಗದ್ದಕ್ಕೆ ಪೆಟ್ಟು ಬಿದ್ದ ಮೇಲೆ ತಮ್ಮನೋ ತಂಗಿಯೋ ಬಾಯಿ ಪೂರ್ತಿ ತೆರೆಯದಿದ್ದರೆ, ತೆರೆಯುವಾಗ ಗದ್ದ ಒಂದೇ ಕಡೆಗೆ ವಾಲಿದರೆ, ಅದನ್ನು ಅವ್ವ ಅಪ್ಪನಿಗೆ ಹೇಳಿ ಕೀಲಿನ ಎಕ್ಸ್‌ರೇ ತೆಗೆಸಬೇಕು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡದ ದಂತ ಕಾಲೇಜುಗಳಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆಗೆಂದೇ ವಿಭಾಗಗಳಿವೆ. ಬೀಳಗಿಯವರಿಗೆ ಬಾಗಲಕೋಟೆ ಹತ್ತಿರ, ಜಮಖಂಡಿಯವರಿಗೆ ವಿಜಯಪುರವೂ ದೂರವಲ್ಲ.

ಗದ್ದ ತೀರ ಹಿಂದಿದ್ದರೆ ಚಂದದ ಪ್ರಶ್ನೆಯಷ್ಟೇ ಅಲ್ಲ. ನಾಲಿಗೆಯನ್ನು ಮುಂದೆ ಹಿಡಿದಿಡುವ ಸ್ನಾಯು ಹುಟ್ಟುವುದು ಗದ್ದದ ಎಲುಬಿನ ಹಿಂಬದಿಯಲ್ಲಿ. ಗದ್ದ ಹಿಂದಿದ್ದರೆ ನಾಲಿಗೆಯೂ ಹಿಂದೆ. ಮಲಗಿದಾಗ ಅದು ಇನ್ನೂ ಹಿಂದೆ ಜಾರಿ ಉಸಿರಿನ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಗೊರಕೆ ಬರುತ್ತದೆ, ಕೆಲವರಿಗೆ ನಿದ್ದೆಯಲ್ಲಿ ಉಸಿರು ಆಗಾಗ ನಿಂತು ನಿಂತು ಬರುತ್ತದೆ, ಮರುದಿನ ತರಗತಿಯಲ್ಲಿ ತೂಕಡಿಕೆ. ಇಂಥ ಕಾರಣಗಳಿಗೂ, ತುಟಿಗಳು ಸಲೀಸಾಗಿ ಕೂಡಲಿ ಎಂದೂ, ಮುಖದ ಅಂದಕ್ಕೂ ವೈದ್ಯರು ಗದ್ದವನ್ನು ಮುಂದೆ ಸರಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದರ ಹೆಸರು ಜೀನಿಯೋಪ್ಲಾಸ್ಟಿ.

1942ರಲ್ಲಿ ಓಟೊ ಹೋಫರ್ ಎಂಬ ವೈದ್ಯ ಗದ್ದದ ಎಲುಬನ್ನು ಅಡ್ಡ ಕತ್ತರಿಸಿ ಮುಂದೆ ಸರಿಸುವ ಬಗೆಯನ್ನು ವಿವರಿಸಿದ. ಆಗ ಕೊಯ್ಯುತ್ತಿದ್ದದ್ದು ಗದ್ದದ ಕೆಳಗಿನ ಚರ್ಮವನ್ನು. 1957ರಲ್ಲಿ ಟ್ರೌನರ್ ಮತ್ತು ಒಬ್ವೆಗೇಸರ್ ಎಂಬ ಇಬ್ಬರು ಬಾಯಿಯ ಒಳಗಿನಿಂದಲೇ ಅದನ್ನು ಮಾಡುವ ದಾರಿ ತೋರಿಸಿದರು. "ಗಾಯದ ಕಲಿ ಉಳಿಯೂದಿಲ್ಲೇನ್ರಿ?" ಎಂದು ಕೇಳುವವರಿಗೆ ಉತ್ತರ ಇದು. ಕೊಯ್ತ ಕೆಳತುಟಿಯ ಒಳಮೈಯಲ್ಲಿ ಬೀಳುವುದರಿಂದ ಹೊರಗೆ ಗಾಯದ ಗುರುತು ಕಾಣುವುದಿಲ್ಲ.

"ನೋವ ಆಗೂದಿಲ್ಲೇನ್ರಿ?" ಅದನ್ನೂ ಕೇಳಲೇಬೇಕು. ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಪೂರ್ತಿ ನಿದ್ದೆ ಬರಿಸಿಯೇ ಈ ಕೆಲಸ. ತುಟಿಯ ಒಳಗೆ ಕೊಯ್ದು, ಎಲುಬಿಗೆ ಅಂಟಿದ ಸ್ನಾಯುವನ್ನು ಮುಂಬದಿಯಲ್ಲಿ ಸರಿಸಿ, ಹಲ್ಲಿನ ಬೇರುಗಳಿಗಿಂತ ಸಾಕಷ್ಟು ಕೆಳಗೆ ಸಣ್ಣ ಗರಗಸದಿಂದ ಎಲುಬನ್ನು ಅಡ್ಡಕ್ಕೆ ಕತ್ತರಿಸುತ್ತಾರೆ. ಗರಗಸ ತಾಗುವ ಜಾಗಕ್ಕೆ ನೀರು ಬಿಡುತ್ತಲೇ ಇರುತ್ತಾರೆ. ಎಲುಬು ಬಿಸಿಯಾದರೆ ಅದರೊಳಗಿನ ಜೀವಕಣಗಳು ಸಾಯುತ್ತವೆ. ಕೆಳಗಿನ ತುಂಡನ್ನು ಅಳತೆ ಮಾಡಿದಷ್ಟು ಮುಂದೆ ಎಳೆದು, ಟೈಟೇನಿಯಂ ಲೋಹದ ಪುಟ್ಟ ತಗಡು ಮತ್ತು ತಿರುಪುಗಳಿಂದ ಬಿಗಿಯುತ್ತಾರೆ. ಸರಿಸುವುದು ಎಷ್ಟು? ಬಹಳವಾದರೆ ನಿಮ್ಮ ಸ್ಕೇಲಿನ ಒಂದು ಸೆಂಟಿಮೀಟರಿನ ಆಜುಬಾಜು. ಎಷ್ಟೋ ಸಲ 5–6 ಮಿಲಿಮೀಟರಿನಲ್ಲೇ ಕೆಲಸ ಮುಗಿಯುತ್ತದೆ. ಅಷ್ಟರಲ್ಲೇ ಮುಖದ ಪಕ್ಕನೋಟ ಬದಲಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ವೈದ್ಯರು ಹೊಲಿಗೆ ಹಾಕಿ ಕೈ ತೊಳೆದ ಮೇಲೂ ದವಡೆಯೊಳಗೆ ಕೆಲಸ ನಿಲ್ಲುವುದಿಲ್ಲ. ಎಲುಬನ್ನು ನಾವು ಕಲ್ಲಿನ ಜಾತಿಗೆ ಸೇರಿಸಿಬಿಟ್ಟಿದ್ದೇವೆ. ಅಡವಿಯಲ್ಲಿ ಬಿದ್ದ ಒಣ ಎಲುಬು ನೋಡಿ ನೋಡಿ ಹಾಗಾಗಿದೆ. ಮೈಯೊಳಗಿನ ಎಲುಬು ಹಸಿಯಾಗಿದೆ, ಅದರೊಳಗೆ ರಕ್ತ ಹರಿಯುತ್ತದೆ, ನರಗಳಿವೆ, ಜೀವಕಣಗಳಿವೆ. ದೊಡ್ಡವರ ಮೈಯ ಎಲುಬಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆ.

ಈ ಕೆಲಸಕ್ಕೆ ಎರಡು ಬಗೆಯ ಕಣಗಳಿವೆ. ಆಸ್ಟಿಯೋಕ್ಲಾಸ್ಟ್ ಎಂಬುದು ದೊಡ್ಡ ಕಣ, ಒಂದರಲ್ಲೇ ಹಲವು ಕೇಂದ್ರಗಳು. ಅದು ಎಲುಬಿನ ಮೇಲೆ ಅಂಟಿ ಕೂತು ಆಮ್ಲ ಸುರಿದು ಎಲುಬನ್ನು ಕರಗಿಸುತ್ತದೆ. ನಿಮ್ಮ ಹೊಟ್ಟೆಯಲ್ಲಿ ರೊಟ್ಟಿ ಜೀರ್ಣ ಮಾಡಲು ಸಹಾಯ ಮಾಡುವ ಹೈಡ್ರೋಕ್ಲೋರಿಕ್ ಆಮ್ಲವೇ ಅಲ್ಲಿಯೂ. ಆಸ್ಟಿಯೋಬ್ಲಾಸ್ಟ್ ಎಂಬ ಸಣ್ಣ ಕಣಗಳು ಗುಂಪಾಗಿ ಬಂದು ಕೊಲಾಜನ್ ಎಂಬ ನಾರಿನ ಜಾಲ ಹಾಸುತ್ತವೆ. ಆ ಜಾಲದ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಕೂತು ಗಟ್ಟಿಯಾಗುತ್ತದೆ. ಎಲ್ಲಿ ಕರಗಿಸಬೇಕು, ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಆ ಎಲುಬಿನ ಮೇಲೆ ಬೀಳುವ ಭಾರಕ್ಕೆ ದೊಡ್ಡ ಪಾತ್ರವಿದೆ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ ಎಂದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲೇ ಬರೆದಿದ್ದ.

ಮುಂದೆ ಸರಿಸಿದ ತುಂಡಿಗೆ ಮೊದಲು ಬೇಕಾದದ್ದು ರಕ್ತ. ಎಲುಬನ್ನು ಪೂರ್ತಿ ಕತ್ತರಿಸಿದ ಮೇಲೆ ಆ ತುಂಡು ಬದುಕುವುದು ಹೇಗೆ? ಅದಕ್ಕೇ ಶಸ್ತ್ರವೈದ್ಯರು ತುಂಡಿನ ಹಿಂಬದಿ ಮತ್ತು ಕೆಳಗಿನ ಸ್ನಾಯುಗಳನ್ನು ಬಿಡಿಸುವುದೇ ಇಲ್ಲ. ಆ ಸ್ನಾಯುಗಳ ಮೂಲಕ ರಕ್ತ ಬರುತ್ತಲೇ ಇರುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ವಿಲಿಯಂ ಬೆಲ್ ಎಂಬ ವೈದ್ಯ ಕೋತಿಗಳ ಮೇಲ್ದವಡೆಯ ಮೇಲೆ ಪ್ರಯೋಗ ಮಾಡಿ, ಮೆದು ಭಾಗ ಅಂಟಿಕೊಂಡಿದ್ದರೆ ಕತ್ತರಿಸಿದ ಎಲುಬು ಸಾಯದೆ ಕೂಡಿಕೊಳ್ಳುತ್ತದೆ ಎಂದು ತೋರಿಸಿದ. ಗದ್ದದ ತುಂಡಿಗೆ ಅಂಟಿದಂತೆಯೇ ಬಿಡುವ ಸ್ನಾಯುಗಳಲ್ಲಿ ನಾಲಿಗೆಯದೂ ಒಂದು. ತುಂಡು ಮುಂದೆ ಹೋದಾಗ ಅದರೊಂದಿಗೆ ನಾಲಿಗೆಯ ಬುಡವೂ ಮುಂದೆ ಬಂದು ಉಸಿರಿನ ದಾರಿಗೆ ಒಂದಿಷ್ಟು ಜಾಗ ಆಗುವುದು ಹೀಗೆ.

ಕತ್ತರಿಸಿದ ಸಂದಿಯಲ್ಲಿ ಮೊದಲ ದಿನ ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ದಿನಗಳಲ್ಲಿ ಅದರೊಳಗೆ ಹೊಸ ರಕ್ತನಾಳಗಳು ನುಗ್ಗುತ್ತವೆ. ಆರೆಂಟು ವಾರಗಳಲ್ಲಿ ಮೊದಲ ಎಲುಬು, ಅವಸರದಲ್ಲಿ ಕಟ್ಟಿದ ಒರಟು ಎಲುಬು, ಸಂದಿಯನ್ನು ಹಿಡಿದುಕೊಳ್ಳುತ್ತದೆ. ಆ ದಿನಗಳಲ್ಲಿ ಊಟ ಗಂಜಿ, ಅಂಬಲಿ, ಮಜ್ಜಿಗೆ, ಹೆಸರುಬೇಳೆಯ ಕಟ್ಟು. ಕಟಕ ರೊಟ್ಟಿಯನ್ನು ಕಟಂ ಎಂದು ಕಡಿಯುವ ಆಸೆ ಇದ್ದವರು ವೈದ್ಯರು ಹ್ಞೂಂ ಎನ್ನುವವರೆಗೆ ಕಾಯಬೇಕು. ಆಮೇಲಿನ ತಿಂಗಳುಗಳಲ್ಲಿ ಒರಟು ಎಲುಬು ಕರಗಿ, ಪದರ ಪದರವಾದ ಗಟ್ಟಿ ಎಲುಬು ಅದರ ಜಾಗಕ್ಕೆ ಬರುತ್ತದೆ.

ಜೊತೆಗೇ ಇನ್ನೊಂದು ಕೆಲಸ ನಡೆಯುತ್ತದೆ. ಕೆಳಗಿನ ತುಂಡು ಮುಂದೆ ಹೋದಾಗ ಮೇಲಿನ ಎಲುಬಿಗೂ ಅದಕ್ಕೂ ನಡುವೆ ಒಂದು ಮೆಟ್ಟಿಲು ಉಳಿಯುತ್ತದಲ್ಲ, ಆ ಮೆಟ್ಟಿಲು ಎಲುಬಿಗೆ ಒಪ್ಪುವುದಿಲ್ಲ. ಕರಗಿಸುವ ಕಣಗಳು ತುಂಡಿನ ಮುಂದಿನ ಚೂಪು ಮೂಲೆಯನ್ನು ಸವೆಸುತ್ತವೆ. ಕಟ್ಟುವ ಕಣಗಳು ಮೆಟ್ಟಿಲಿನ ಮೂಲೆಯಲ್ಲಿ ಹೊಸ ಎಲುಬು ತುಂಬುತ್ತವೆ. ತುಂಡಿನ ಹಿಂದೆ, ಕೆಳಗೆ ಖಾಲಿ ಉಳಿದ ಕಡೆಯೂ ತುಂಬಿಕೊಳ್ಳುತ್ತದೆ. ಒಂದೆರಡು ವರ್ಷ ಕಳೆದರೆ ಮೆಟ್ಟಿಲು ಹೋಗಿ ಇಳಿಜಾರಾಗಿರುತ್ತದೆ. ಮುಂದಿನ ತುದಿ ಸ್ವಲ್ಪ ಸವೆದರೂ ಸರಿಸಿದ್ದರಲ್ಲಿ ಬಹುಪಾಲು ಉಳಿಯುತ್ತದೆ.

ಎಲುಬಿನ ಈ ಕೆಲಸದಲ್ಲಿ ಚಿಕ್ಕವರೇ ದೊಡ್ಡವರಿಗಿಂತ ಮುಂದು. ಅಮೆರಿಕದ ವಿಲಿಯಂ ಪ್ರಾಫಿಟ್ ಮತ್ತು ಸಂಗಡಿಗರು ಬೇರೆ ಬೇರೆ ವಯಸ್ಸಿನವರ ಎಕ್ಸ್‌ರೇಗಳನ್ನು ಹೋಲಿಸಿ 1999ರಲ್ಲಿ ಪ್ರಕಟಿಸಿದರು. 15 ವರ್ಷಕ್ಕಿಂತ ಮೊದಲು ಶಸ್ತ್ರಚಿಕಿತ್ಸೆ ಆದವರಲ್ಲಿ ಹೊಸ ಎಲುಬು ಹೆಚ್ಚು ತುಂಬಿತ್ತು. ಕೆನಡಾದ ಸಿಲ್ವೆಯ್ನ್ ಶಾಂಬರ್ಲಾಂಡ್ ಪ್ರಾಫಿಟ್ ಅವರೊಂದಿಗೆ ಸೇರಿ 2015ರಲ್ಲಿ ಬರೆದದ್ದೂ ಅದೇ ದಿಕ್ಕಿನ ಮಾತು. ಹಾಗೆಂದು ಗದ್ದ ಸಣ್ಣದಿರುವ ಹುಡುಗರೆಲ್ಲ ಆಸ್ಪತ್ರೆಗೆ ಓಡಬೇಕಿಲ್ಲ. ಹಲ್ಲುಗಳು ಬಂದು ಕೂತಿರಬೇಕು, ಅವುಗಳ ಬೇರಿಗೆ ಗರಗಸ ತಾಗಬಾರದು, ಉಳಿದ ದವಡೆ ಎಷ್ಟು ಬೆಳೆಯಲಿದೆ ಎಂಬ ಅಂದಾಜು ಬೇಕು. ಇದನ್ನೆಲ್ಲ ನೋಡಿ ಹೇಳಬೇಕಾದವರು ವೈದ್ಯರೇ. ಇಡೀ ದವಡೆಯೇ ಗಿಡ್ಡವಾಗಿದ್ದರೆ ಗದ್ದವನ್ನಷ್ಟೇ ಸರಿಸಿದರೆ ಸಾಲದು. ಆಗ ದವಡೆಯನ್ನು ಕತ್ತರಿಸಿ, ಒಂದು ಸಲಕರಣೆ ಕೂಡಿಸಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಎಳೆಯುತ್ತಾರೆ. ಎಳೆದ ಸಂದಿಯಲ್ಲಿ ಎಲುಬು ಹುಟ್ಟುತ್ತಾ ಹೋಗುತ್ತದೆ. ರಷ್ಯಾದ ಗಾವ್ರಿಲ್ ಇಲಿಜಾರೋವ್ ಕಾಲಿನ ಎಲುಬಿಗೆ ಮಾಡಿ ತೋರಿಸಿದ ಈ ಉಪಾಯವನ್ನು ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ ಮಕ್ಕಳ ದವಡೆಗೆ ತಂದು 1992ರಲ್ಲಿ ವರದಿ ಮಾಡಿದರು.

ಎಲುಬು ರೂಪ ಬದಲಿಸುವುದನ್ನು ಶಸ್ತ್ರಚಿಕಿತ್ಸೆ ಇಲ್ಲದೆಯೂ ನೋಡಬಹುದು. ಹಲ್ಲೆಲ್ಲ ಉದುರಿದ ಅಜ್ಜಿ ಎಲೆ ಅಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡು ಅಗಿಯುವಾಗ ಗಮನಿಸಿ. ಗದ್ದ ಮುಂದೆ ಬಂದು ಮೂಗಿಗೆ ತಾಗುವಷ್ಟು ಮೇಲೇರುತ್ತದೆ. ಅಜ್ಜಿಯ ಗದ್ದ ಬೆಳೆದಿಲ್ಲ. ಹಲ್ಲು ಹಿಡಿದುಕೊಂಡಿದ್ದ ಎಲುಬಿಗೆ ಈಗ ಕೆಲಸವಿಲ್ಲ, ಅದು ವರ್ಷ ವರ್ಷ ಕರಗಿ ತಗ್ಗಾಗಿದೆ. ಸ್ನಾಯುಗಳು ಹಿಡಿದಿರುವ ಗದ್ದದ ಎಲುಬು ಮಾತ್ರ ಉಳಿದಿದೆ. ಉಳಿದದ್ದೇ ಎದ್ದು ಕಾಣುತ್ತದೆ.

ಎಲುಬು ಕತ್ತರಿಸುವ ಬದಲು ಗದ್ದದ ಮುಂದೆ ಸಿಲಿಕೋನ್ ತುಂಡನ್ನು ಇಡುವ ದಾರಿಯೂ ಇದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಅಂಥ ತುಂಡಿನ ಒತ್ತಡಕ್ಕೆ ಅದರ ಹಿಂದಿನ ಎಲುಬು ಕರಗಿ ತಗ್ಗು ಬೀಳಬಹುದೆಂದು 1969ರಲ್ಲೇ ವರದಿಯಾಯಿತು. ಎಷ್ಟೋ ಜನರಿಗೆ ಅದರಿಂದ ತೊಂದರೆಯೇನೂ ಆಗುವುದಿಲ್ಲ. ಆದರೂ ಸ್ವಂತ ಎಲುಬು ಸರಿಸಿದರೆ ಮೆಟ್ಟಿಲು ತುಂಬುತ್ತದೆ, ಪರಕೀಯ ತುಂಡು ಇಟ್ಟರೆ ಎಲುಬು ಸವೆಯಬಹುದು ಎಂಬ ಈ ವ್ಯತ್ಯಾಸ ನನಗೆ ಇಡೀ ವಿಷಯದಲ್ಲೇ ಸ್ವಾರಸ್ಯದ ಭಾಗ.

ಇಷ್ಟೆಲ್ಲ ಒಳಗಿನ ಮಾತಾಯಿತು. ಹೊರಗೆ ಕಾಣುವುದು ಎಲುಬಲ್ಲ, ಅದರ ಮೇಲಿನ ಚರ್ಮ, ಕೊಬ್ಬು, ಸ್ನಾಯು. ಇವಿಷ್ಟೂ ಸೇರಿ ದೊಡ್ಡವರ ಗದ್ದದಲ್ಲಿ ಸುಮಾರು ಒಂದು ಸೆಂಟಿಮೀಟರು ದಪ್ಪ. ಮನೆಯಲ್ಲಿ ಟ್ರಂಕಿನ ಮೇಲೆ ಅಜ್ಜಿ ಹೊಲಿದ ಕೌದಿ ಹಾಸಿರುತ್ತಾರಲ್ಲ. ಕೌದಿಯ ಕೆಳಗಿನ ಟ್ರಂಕನ್ನು ಒಂದು ಗೇಣು ಮುಂದೆ ಎಳೆಯಿರಿ. ಮುಂದಿನ ಉಬ್ಬೂ ಹೆಚ್ಚುಕಡಿಮೆ ಒಂದು ಗೇಣು ಮುಂದೆ ಬರುತ್ತದೆ, ಆದರೆ ಪೂರ್ತಿ ಒಂದು ಗೇಣಲ್ಲ. ಬಟ್ಟೆ ಅಲ್ಲಲ್ಲಿ ಎಳೆದು ತೆಳ್ಳಗಾಗಿ ಸ್ವಲ್ಪ ನುಂಗಿಬಿಡುತ್ತದೆ. ಗದ್ದದಲ್ಲೂ ಹೀಗೆಯೇ. ಎಲುಬು 10 ಮಿಲಿಮೀಟರು ಮುಂದೆ ಬಂದರೆ ಚರ್ಮ 8ರಿಂದ 10 ಮಿಲಿಮೀಟರಿನಷ್ಟು ಮುಂದೆ ಬರುತ್ತದೆ. ಗದ್ದವನ್ನು ಹಿಂದೆ ಸರಿಸುವ ಶಸ್ತ್ರಚಿಕಿತ್ಸೆಯಲ್ಲಿ ಚರ್ಮ ಇಷ್ಟು ಮಾತು ಕೇಳುವುದಿಲ್ಲ, ಹಿಂದೆ ಸರಿದ ಎಲುಬಿನ ಮುಂದೆ ಜೋಲುತ್ತದೆ. ಕೆಳತುಟಿ ಮಾತ್ರ ಹೆಚ್ಚು ಅಲ್ಲಾಡುವುದಿಲ್ಲ. ಗದ್ದ ಮುಂದೆ ಹೋಗಿ ತುಟಿ ಇದ್ದಲ್ಲೇ ಉಳಿದರೆ ಅವೆರಡರ ನಡುವಿನ ತಗ್ಗು, ನಿಮ್ಮ ಬೆರಳು ಮೊದಲು ಇಳಿದ ತಗ್ಗು, ಇನ್ನೂ ಆಳವಾಗುತ್ತದೆ. ಎಷ್ಟು ಆಳವಾದರೆ ಚಂದ ಎಂಬುದನ್ನೂ ವೈದ್ಯರು ಮೊದಲೇ ಲೆಕ್ಕ ಹಾಕುತ್ತಾರೆ.

ಗದ್ದದಲ್ಲಿ ಮೆಂಟಾಲಿಸ್ ಎಂಬ ಒಂದು ಸ್ನಾಯು ಇದೆ. ಅಳು ಬರುವ ಮುಂಚೆ ತಂಗಿಯ ಗದ್ದ ಗುಳಿ ಗುಳಿಯಾಗಿ ನಡುಗುತ್ತದಲ್ಲ, ಅದು ಇದರದೇ ಆಟ. ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಿಡಿಸಿ ಎಲುಬಿಗೆ ಹೋಗುತ್ತಾರೆ, ಹೊರಗೆ ಬರುವಾಗ ಮತ್ತೆ ಅದರ ಜಾಗಕ್ಕೇ ಹೊಲಿಯುತ್ತಾರೆ. ಇಲ್ಲಿ ಅವಸರ ಮಾಡಿದರೆ ಕೆಳತುಟಿ ಜೋತು ಬಿದ್ದು ಕೆಳಗಿನ ಹಲ್ಲುಗಳು ಕಾಣತೊಡಗುತ್ತವೆ. ಮೊದಲ ವಾರಗಳಲ್ಲಿ ಗದ್ದ ಊದಿಕೊಂಡಿರುತ್ತದೆ. ಕನ್ನಡಿ ನೋಡಿ ಗಾಬರಿಯಾಗುವವರೂ ಇದ್ದಾರೆ. ಊತ ಬಹುಪಾಲು ಕೆಲ ವಾರಗಳಲ್ಲಿ ಇಳಿದರೂ ಕೊನೆಯ ಸ್ವಲ್ಪಕ್ಕೆ ತಿಂಗಳುಗಳೇ ಬೇಕು. ಅದಕ್ಕೇ ಚರ್ಮ ನಿಜವಾಗಿ ಎಷ್ಟು ಮುಂದೆ ಬಂತೆಂದು ಅಳೆಯಲು ಕನಿಷ್ಠ ಆರು ತಿಂಗಳು ಕಾಯುವುದು ರೂಢಿ.

ಕೆಳದವಡೆಯ ಎಲುಬಿನೊಳಗೆ ಒಂದು ಸುರಂಗವಿದೆ. ಅದರಲ್ಲಿ ನರವೊಂದು ಹರಿದು, ಗದ್ದದ ಎರಡೂ ಪಕ್ಕದ ಸಣ್ಣ ತೂತುಗಳಿಂದ ಹೊರಬಂದು, ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶದ ಅರಿವು ಕೊಡುತ್ತದೆ. ಕೆಳಗಿನ ಹಲ್ಲು ಕೀಳಿಸಲು ಚುಚ್ಚುಮದ್ದು ಕೊಟ್ಟಾಗ ತುಟಿ ದಪ್ಪಗಾದಂತೆ ಅನಿಸಿದ್ದು ನೆನಪಿದೆಯೇ? ಅಲ್ಲಿ ಮಲಗಿದ್ದು ಇದೇ ನರ. ಗದ್ದದ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಕಾಪಾಡಲು ಎಲುಬನ್ನು ಆ ತೂತಿಗಿಂತ 5–6 ಮಿಲಿಮೀಟರು ಕೆಳಗೆ ಕತ್ತರಿಸುತ್ತಾರೆ. ಸುರಂಗ ಹೊರಬರುವ ಮುನ್ನ ಒಂದಿಷ್ಟು ಕೆಳಗೆ ಇಳಿದು ಮೇಲೇರುತ್ತದೆ, ಅದಕ್ಕೇ ಇಷ್ಟು ಅಂತರ. ಆದರೂ ನರ ಎಳೆದಾಡಿರುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತುಟಿ ಜೋಮು. ಅಂಬಲಿ ಗದ್ದದ ಮೇಲೆ ಸುರಿದರೂ ಗೊತ್ತಾಗುವುದಿಲ್ಲ. ಹೆಚ್ಚಿನವರಲ್ಲಿ ಸ್ಪರ್ಶ ಮರಳುತ್ತದೆ. ಕೆಲವರಲ್ಲಿ ಒಂದಿಷ್ಟು ಜೋಮು ಉಳಿಯುವುದೂ ಉಂಟು. ಇದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ಇಷ್ಟು ಸಣ್ಣ ಬದಲಾವಣೆಗಳನ್ನು ಅಳೆಯುವುದು ಹೇಗೆ? 1931ರಲ್ಲಿ ಅಮೆರಿಕದ ಹೋಲಿ ಬ್ರಾಡ್‌ಬೆಂಟ್ ತಲೆಯನ್ನು ಅಲ್ಲಾಡದಂತೆ ಹಿಡಿದು ಪಕ್ಕದಿಂದ ಎಕ್ಸ್‌ರೇ ತೆಗೆಯುವ ಸಾಧನವನ್ನು ಪ್ರಕಟಿಸಿದ. ತಲೆ ಪ್ರತಿ ಸಲವೂ ಒಂದೇ ಬಗೆಯಲ್ಲಿ ನಿಂತರೆ, ಇಂದಿನ ಚಿತ್ರವನ್ನು ಎರಡು ವರ್ಷದ ಹಿಂದಿನದರ ಮೇಲಿಟ್ಟು ಎಲುಬು ಎಷ್ಟು ಸರಿಯಿತು, ಚರ್ಮ ಎಷ್ಟು ಸರಿಯಿತು ಎಂದು ಗೆರೆ ಎಳೆದು ನೋಡಬಹುದು. ನೀವೂ ಎಕ್ಸ್‌ರೇ ಇಲ್ಲದೆ ಇದರ ಅರ್ಧ ಮಾಡಬಹುದು. ರಬಕವಿ ಬನಹಟ್ಟಿಯಲ್ಲಿ ಕರೆಂಟು ಹೋಗಿ ಮಗ್ಗದ ಸದ್ದು ನಿಂತ ಸಂಜೆ ಇದಕ್ಕೆ ಚಲೋ ಹೊತ್ತು. ಗೋಡೆಗೆ ದೊಡ್ಡ ಕಾಗದ ಅಂಟಿಸಿ. ಅಣ್ಣನನ್ನು ಗೋಡೆಗೆ ಪಕ್ಕವಾಗಿ ಕೂರಿಸಿ. ದೂರದಿಂದ ಟಾರ್ಚು ಬಿಟ್ಟು ನೆರಳಿನ ಅಂಚನ್ನು ಪೆನ್ಸಿಲಿನಿಂದ ಎಳೆಯಿರಿ. ಹಣೆ, ಮೂಗು, ತುಟಿ, ತಗ್ಗು, ಗದ್ದ. ಹಾಗೆಯೇ ಅಪ್ಪನದು, ಅಜ್ಜಿಯದು, ತೊಟ್ಟಿಲ ಕೂಸಿನದು. ಟಾರ್ಚು ಮತ್ತು ಕುರ್ಚಿಯ ಜಾಗ ಬದಲಿಸಬೇಡಿ, ಬದಲಿಸಿದರೆ ನೆರಳಿನ ಅಳತೆ ಕೆಡುತ್ತದೆ. ಹಾಳೆಯ ಮೇಲೆ ತಾರೀಖು ಬರೆದಿಟ್ಟು ಮುಂದಿನ ವರ್ಷ ಅದೇ ತಿಂಗಳು ಮತ್ತೆ ಎಳೆಯಿರಿ. ಬೆಳೆಯುವ ವಯಸ್ಸಿನವರ ಗದ್ದ ಎಲ್ಲಿಗೆ ಬಂದಿದೆ ನೋಡಿ.

ಶಸ್ತ್ರಚಿಕಿತ್ಸೆಯ ಬಗ್ಗೆ ಇನ್ನೊಂದು ಪ್ರಶ್ನೆ ಉಳಿದಿದೆ. "ಎಲುಬಿಗೆ ಬಿಗಿದ ಆ ತಗಡ ಮತ್ತ ತಗೀತಾರೇನ್ರಿ?" ಸಾಮಾನ್ಯವಾಗಿ ಇಲ್ಲ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೊನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ಟೈಟೇನಿಯಂ ಸಲಕರಣೆಯೊಂದನ್ನು ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಆ ಲೋಹವನ್ನು ಬಿಗಿಯಾಗಿ ಹಿಡಿದುಬಿಟ್ಟಿತ್ತು. ಇಂದಿನ ಹಲ್ಲಿನ ಇಂಪ್ಲಾಂಟ್ ಹುಟ್ಟಿದ್ದು ಅಲ್ಲಿಂದ. ಗದ್ದದ ತಗಡನ್ನೂ ಎಲುಬು ಹಾಗೆಯೇ ಸಹಿಸಿಕೊಳ್ಳುತ್ತದೆ. ಕೀವು ಆದರೆ, ಚರ್ಮದಡಿ ಚುಚ್ಚಿದರೆ, ಅಥವಾ ಬೆಳೆಯುವ ಮಕ್ಕಳಲ್ಲಿ ಹೊಸ ಎಲುಬು ತಗಡನ್ನೇ ಮುಚ್ಚತೊಡಗಿದರೆ ಮಾತ್ರ ತೆಗೆಯುವ ಯೋಚನೆ ಮಾಡುತ್ತಾರೆ. ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದ್ದರಿಂದ ಮುಂದೆ ಎಂದಾದರೂ ಎಂ.ಆರ್.ಐ. ಮಾಡಿಸುವಾಗಲೂ ಸಾಮಾನ್ಯವಾಗಿ ತೊಡಕಿಲ್ಲ. ಗದ್ದದೊಳಗೆ ತಗಡಿದೆ ಎಂದು ಮೊದಲೇ ಹೇಳಿದರಾಯಿತು.